ಹಳೇ ಕ್ರಿಸ್ಟಲ್ ಜಾಡಿಯಲ್ಲಿ ಉಪ್ಪಿನಕಾಯಿ ಇಡಬಹುದಾ?

ಪ್ರಶ್ನೆ: ನಮ್ಮ ಅತ್ತೆಯವರ ಕಾಲದ ಕ್ರಿಸ್ಟಲ್ ಜಾಡಿ ಇದೆ. ವಿದೇಶದ್ದು, ಭಾರ ಜಾಸ್ತಿ, ತುಂಬಾ ಹೊಳೆಯುತ್ತದೆ. ಅದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಹಾಕಿ ವರ್ಷವಿಡೀ ಇಡಬೇಕು ಅಂತಿದ್ದೇನೆ. ಗಾಜು ಏನೂ ಬಿಡೋದಿಲ್ಲ ಅಲ್ವಾ? ಮನೆಯಲ್ಲಿ ಪುಟ್ಟ ಮಗು ಇದೆ.

ಉತ್ತರ 1: ಅಕ್ಕಾ, ದಯವಿಟ್ಟು ಹಾಕಬೇಡಿ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಇಂಥ ಲೆಡ್ (ಅಂದರೆ ಸೀಸ ಬೆರೆಸಿದ) ಕ್ರಿಸ್ಟಲ್‌ನಲ್ಲಿ ಸಾಮಾನ್ಯವಾಗಿ ಶೇ. 24 ಅಥವಾ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಆ ಹೊಳಪು, ಆ ಭಾರ ಎರಡೂ ಅದರಿಂದಲೇ. ನಿಂಬೆಯ ಹುಳಿ ತಾಗಿದರೆ ಸೀಸ ನಿಧಾನವಾಗಿ ಹೊರಬರುತ್ತದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ ಪಾತ್ರೆಗಳಲ್ಲಿ ಪೋರ್ಟ್ ವೈನ್ 4 ತಿಂಗಳು ಇಟ್ಟಿದ್ದರು. ಮೊದಲು ಲೀಟರಿಗೆ 89 ಮೈಕ್ರೋಗ್ರಾಂ ಇದ್ದ ಸೀಸ, ಒಂದರಲ್ಲಿ 5,000 ದಾಟಿತ್ತು! ಮಕ್ಕಳ ಮಿದುಳಿಗೆ ಸ್ವಲ್ಪ ಸೀಸವೂ ಕೆಟ್ಟದ್ದು. ಜಾಡಿ ಶೋಕೇಸಿನಲ್ಲೇ ಇರಲಿ.

ಉತ್ತರ 2: ಹಾಗಾದ್ರೆ ಖಾಲಿ ಜಾಮ್ ಬಾಟಲಿ?

ಉತ್ತರ 1: ಧಾರಾಳವಾಗಿ ಬಳಸಿ. ಅದು ಮರಳು, ಸೋಡಾ, ಸುಣ್ಣದಿಂದ ಮಾಡಿದ ಗಾಜು. ಬಿಟ್ಟರೂ ಒಂಚೂರು ಸೋಡಿಯಂ ಅಷ್ಟೇ, ಉಪ್ಪಿನಕಾಯಿಯ ಉಪ್ಪಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೆ ತಗಡಿನ ಮುಚ್ಚಳ ತುಕ್ಕು ಹಿಡಿದಿದ್ದರೆ ಬದಲಾಯಿಸಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಜಾಮ್ ಬಾಟಲಿ ತೊಳೆದು ಬಿಸಿಲಿಗಿಟ್ಟೆ.