ಹಾಯಿದೋಣಿಯ ಆಟೋಪೈಲಟ್‌ಗೆ ಟ್ಯಾಬ್ಲೆಟ್‌ನಿಂದ ವೈ-ಫೈ ಮೂಲಕ ದಾರಿ ಕಳಿಸುವುದು ಹೇಗೆ?

ಸೆವರ್ನ್ ದಂಡೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಈ ವರ್ಷ ನಾನು, ನನ್ನ ಹೆಂಡತಿ ಸೇರಿ ಮೂವತ್ತು ಅಡಿಯ ಹಳೆಯ ಹಾಯಿದೋಣಿ ಕೊಂಡೆವು. ಅನಾಪೊಲಿಸ್‌ನಲ್ಲಿ ಕಟ್ಟಿ ನಿಲ್ಲಿಸಿದ್ದೇವೆ, ವಾರಾಂತ್ಯಕ್ಕೆ ಚೆಸಪೀಕ್ ಕೊಲ್ಲಿಗೆ ಹೊರಡುತ್ತೇವೆ.

ದೋಣಿಯ ಜೊತೆಗೇ ಒಂದು ವೀಲ್ ಪೈಲಟ್ ಬಂದಿದೆ. ಬೆಲ್ಟ್ ಹಾಕಿ ಚುಕ್ಕಾಣಿ ಚಕ್ರ ತಿರುಗಿಸುತ್ತದಲ್ಲ, ಆ ಥರದ್ದು. ಕೆಲಸ ಚೆನ್ನಾಗಿ ಮಾಡುತ್ತದೆ. ಅದರ ಹಿಂದೆ ಎನ್‌ಎಂಇಎ 0183 (ದೋಣಿಯ ಉಪಕರಣಗಳು ಡೇಟಾ ಹಂಚಿಕೊಳ್ಳುವ ಪದ್ಧತಿ) ಎಂದು ಬರೆದ ಪ್ಲಸ್, ಮೈನಸ್ ಟರ್ಮಿನಲ್ ಇವೆ. ಜಿಪಿಎಸ್ ಆಂಟೆನಾ, ಆಳ ತೋರಿಸುವ ಮೀಟರ್ ಕೂಡ ಇವೆ. ಚಾರ್ಟ್‌ಪ್ಲಾಟರ್, ಅಂದರೆ ಜಲನಕ್ಷೆ ತೋರಿಸಿ ದಾರಿ ಹಾಕುವ ಉಪಕರಣ ಮಾತ್ರ ಇಲ್ಲ. ಹೊಸದರ ಬೆಲೆ ಕೇಳಿ ಸುಮ್ಮನಾದೆವು.

ಮನೆಯಲ್ಲಿ ವೈ-ಫೈ ಮಾತ್ರ ಇರುವ ಐಪ್ಯಾಡ್ ಇದೆ. ಅದರಲ್ಲೇ ಚಾರ್ಟ್ ನೋಡಿ, ದಾರಿ ಹಾಕಿ, ಆಟೋಪೈಲಟ್‌ಗೆ ಕಳಿಸಬಹುದಾ? ಮಳೆ ಬಂದಾಗ ಒಳಗೆ ಕೂತು ಟ್ಯಾಬ್ಲೆಟ್‌ನಿಂದಲೇ ದೋಣಿ ನಡೆಸಬೇಕೆಂದು ನನ್ನ ಆಸೆ. ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.

ಮಲೆನಾಡು ಹಾಯಿ:

ಇದೇ ಕೊಲ್ಲಿಯಲ್ಲಿ ಇನ್ನೊಬ್ಬ ಕನ್ನಡಿಗರ ದೋಣಿ ಇದೆ ಅಂತ ತಿಳಿದು ತುಂಬಾ ಖುಷಿಯಾಯ್ತು. ನನ್ನದು ನಿಮಗಿಂತ ದಕ್ಷಿಣಕ್ಕೆ, ಹೆರಿಂಗ್ ಬೇ ಕಡೆ. ನೀವು ಹೇಳುವುದನ್ನು ಖಂಡಿತ ಮಾಡಬಹುದು. ನನ್ನ ದೋಣಿಯಲ್ಲೂ ಹಾಗೇ ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲಿಗೆ ಹೋಗಬೇಕು ಅನ್ನುವುದನ್ನಷ್ಟೇ ಟ್ಯಾಬ್ಲೆಟ್ ಹೇಳಲಿ. ಚುಕ್ಕಾಣಿ ಹಿಡಿಯುವ ಕೆಲಸ ಪೈಲಟ್‌ನದ್ದೇ ಆಗಿರಲಿ. ವೈ-ಫೈ ಯಾವಾಗ ಬೇಕಾದರೂ ಕೈಕೊಡುತ್ತದೆ. ಕೊಟ್ಟಾಗಲೂ ದೋಣಿ ನೆಟ್ಟಗೆ ಹೋಗುತ್ತಿರಬೇಕು.

ನಿಮ್ಮ ಪೈಲಟ್‌ನಲ್ಲಿ ಆಟೋ, ಟ್ರ್ಯಾಕ್ ಅಂತ ಎರಡು ಬಟನ್ ಇರಬೇಕು ನೋಡಿ. ಆಟೋ ಒತ್ತಿದರೆ ಅದು ತನ್ನದೇ ದಿಕ್ಸೂಚಿ ನೋಡಿಕೊಂಡು ದೋಣಿಯ ಮೂತಿಯನ್ನು ಒಂದೇ ದಿಕ್ಕಿಗೆ ಹಿಡಿಯುತ್ತದೆ. ಇದಕ್ಕೆ ಟ್ಯಾಬ್ಲೆಟ್ ಬೇಕಾಗಿಯೇ ಇಲ್ಲ. ಆದರೆ ನೀರಿನ ಸೆಳೆತ ದೋಣಿಯನ್ನು ಪಕ್ಕಕ್ಕೆ ತಳ್ಳಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಟ್ರ್ಯಾಕ್ ಒತ್ತಿದಾಗ ಮಾತ್ರ ಟ್ಯಾಬ್ಲೆಟ್‌ನ ಮಾತು ಕೇಳುತ್ತದೆ. ಆ್ಯಪ್ ಆಗಾಗ ಎಪಿಬಿ ಎಂಬ ಸಾಲು ಕಳಿಸುತ್ತಿರುತ್ತದೆ. ಚಾರ್ಟ್‌ನಲ್ಲಿ ಹಾಕಿದ ದಾರಿಯ ಗೆರೆಯಿಂದ ಎಷ್ಟು ದೂರ ಸರಿದಿದ್ದೀರಿ, ಎಡಕ್ಕೆ ತಿರುಗಬೇಕಾ ಬಲಕ್ಕಾ, ದಾರಿಯಲ್ಲಿ ನೀವಿಟ್ಟ ಮುಂದಿನ ಗುರುತು ಯಾವ ದಿಕ್ಕಿನಲ್ಲಿದೆ, ಇಷ್ಟೇ ಅದರಲ್ಲಿರುವುದು. ಸಾಲು ಬರುವುದು ನಿಂತರೆ ನನ್ನ ಪೈಲಟ್ ಕಿರುಚಿಕೊಳ್ಳುತ್ತದೆ, ನಾನು ಆಟೋ ಒತ್ತುತ್ತೇನೆ. ನಿಮ್ಮದು ಏನು ಮಾಡುತ್ತದೆಂದು ದಡದಲ್ಲೇ ವೈ-ಫೈ ಆಫ್ ಮಾಡಿ ನೋಡಿಕೊಳ್ಳಿ.

ನಡುವೆ ಒಂದು ವೈ-ಫೈ ಗೇಟ್‌ವೇ ಬೇಕು, ಅಂದರೆ ತಂತಿಯ ಡೇಟಾವನ್ನೂ ವೈ-ಫೈಯನ್ನೂ ಜೋಡಿಸುವ ಪೆಟ್ಟಿಗೆ. ಕೊಳ್ಳುವಾಗ ಅದು ಎರಡೂ ಕಡೆ ಡೇಟಾ ಸಾಗಿಸುತ್ತದಾ ಅಂತ ಕೇಳಿಯೇ ಕೊಳ್ಳಿ. ಕೆಲವು ಗೇಟ್‌ವೇಗಳು ದೋಣಿಯಿಂದ ಟ್ಯಾಬ್ಲೆಟ್‌ಗೆ ಮಾತ್ರ ಕಳಿಸುತ್ತವೆ, ವಾಪಸ್ ಏನೂ ಬರುವುದಿಲ್ಲ. ಅದರ ಔಟ್‌ಪುಟ್ ತಂತಿಗಳನ್ನು ಪೈಲಟ್‌ನ ಪ್ಲಸ್, ಮೈನಸ್‌ಗೆ ಸೇರಿಸಿ. ಡೇಟಾ ಬರುತ್ತಿಲ್ಲ ಅನ್ನಿಸಿದರೆ ತಂತಿ ಅದಲುಬದಲು ಮಾಡಿ ನೋಡಿ. ವೇಗ 4800 ಬಾಡ್ ಇರಲಿ. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 480 ಅಕ್ಷರ ಮಾತ್ರ ಹೋಗುತ್ತವೆ. ಒಂದು ಸಾಲು 82 ಅಕ್ಷರದವರೆಗೂ ಇರಬಹುದು. ಅಂದರೆ ಉದ್ದದ ಸಾಲಾದರೆ ಸೆಕೆಂಡಿಗೆ ಐದಾರು, ಅಷ್ಟೇ. ಎಐಎಸ್, ಅಂದರೆ ಸುತ್ತಲಿನ ಹಡಗುಗಳು ತಾವಿರುವ ಜಾಗವನ್ನು ರೇಡಿಯೊದಲ್ಲಿ ತಿಳಿಸುವ ವ್ಯವಸ್ಥೆಯ ಡೇಟಾ ಬರುವುದು 38400ರಲ್ಲಿ. ಅದನ್ನೂ ಇದೇ ತಂತಿಗೆ ಬಿಟ್ಟರೆ ಪೈಲಟ್‌ಗೆ ಬೇಕಾದ ಸಾಲು ಗುಂಪಿನಲ್ಲಿ ಕಳೆದುಹೋಗುತ್ತದೆ. ಫಿಲ್ಟರ್ ಹಾಕಿ ಎಪಿಬಿ, ಮುಂದಿನ ಗುರುತಿನ ಮಾಹಿತಿ ಇರುವ ಆರ್‌ಎಂಬಿ, ಈ ಎರಡು ಸಾಲನ್ನೇ ಬಿಡಿ.

ಇನ್ನು ಐಪ್ಯಾಡ್. ವೈ-ಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ನೀವೆಲ್ಲಿದ್ದೀರಿ ಅನ್ನುವುದೂ ಗೇಟ್‌ವೇ ಮೂಲಕವೇ ಬರಬೇಕು. ಗೇಟ್‌ವೇ ಸತ್ತರೆ ಆಟೋಪೈಲಟ್ ಜೊತೆ ಚಾರ್ಟ್ ಕೂಡ ಕುರುಡಾಗುತ್ತದೆ. ಸೆಲ್ಯುಲಾರ್ ಮಾಡೆಲ್ ಹಳೆಯದಾದರೂ ಪರವಾಗಿಲ್ಲ, ಅದನ್ನೇ ತಗೊಳ್ಳಿ. ಸಿಮ್ ಹಾಕದಿದ್ದರೂ ಜಿಪಿಎಸ್ ನಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಕೊಡದಿದ್ದರೆ ಗೇಟ್‌ವೇ ಎದುರಿಗಿದ್ದರೂ ಅದಕ್ಕೆ ಕಾಣುವುದಿಲ್ಲ. ಮರೀನಾದ ವೈ-ಫೈಗೆ ಆಟೋ-ಜಾಯಿನ್ ಆಫ್ ಮಾಡಿ, ಇಲ್ಲದಿದ್ದರೆ ನಡುವೆ ಅದಕ್ಕೆ ಹಾರಿಬಿಡುತ್ತದೆ. ಆಟೋ-ಲಾಕ್ ಕೂಡ ಬೇಡ. ಹಾಗೇ, ಐಪ್ಯಾಡ್ ಬಳಸಲು ಆ್ಯಪಲ್ ಹೇಳುವ ಗರಿಷ್ಠ ತಾಪ 35 ಡಿಗ್ರಿ. ಜುಲೈ ಮಧ್ಯಾಹ್ನ ಬಿಸಿಲಲ್ಲಿಟ್ಟರೆ ಪರದೆ ಮಂಕಾಗುತ್ತದೆ, ಚಾರ್ಜ್ ಆಗುವುದು ನಿಲ್ಲುತ್ತದೆ, ಆಮೇಲೆ ಆರಿಯೇ ಹೋಗುತ್ತದೆ. ಡಾಡ್ಜರ್ (ಕೂರುವ ಜಾಗದ ಮುಂದಿನ ಬಟ್ಟೆಯ ಮರೆ) ನೆರಳಲ್ಲಿಡಿ.

ಆ್ಯಪ್ ಆರಿಸುವಾಗ ಚಾರ್ಟ್ ಚಂದ ಇದೆ ಅಂತ ಮರುಳಾಗಬೇಡಿ. ಎಪಿಬಿ ಹೊರಗೆ ಕಳಿಸುತ್ತದಾ ಅನ್ನುವುದು ಮುಖ್ಯ. ಐಪ್ಯಾಡ್‌ನಲ್ಲಿ ಐನ್ಯಾವ್‌ಎಕ್ಸ್ ಕಳಿಸುತ್ತದೆ. ಆಂಡ್ರಾಯ್ಡ್‌ನಲ್ಲಾದರೆ ಓಪನ್‌ಸಿಪಿಎನ್ ಇದೆ, ಅಮೆರಿಕ ಸರ್ಕಾರದ ಸಾಗರ ಸಂಸ್ಥೆ ನೋವಾದ ಉಚಿತ ಎಲೆಕ್ಟ್ರಾನಿಕ್ ಚಾರ್ಟ್‌ಗಳು ಅದರಲ್ಲಿ ತೆರೆಯುತ್ತವೆ.

ಮಳೆಯಲ್ಲಿ ಒಳಗೆ ಕೂತು ನಡೆಸುವ ಆಸೆ ಮಾತ್ರ ಬಿಟ್ಟುಬಿಡಿ, ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಹನಿ ಬಿದ್ದ ಪರದೆ ತನ್ನಷ್ಟಕ್ಕೆ ತಾನೇ ಟಚ್ ಆಗುತ್ತದೆ. ಅದಕ್ಕಿಂತ ಜಾಸ್ತಿ, ನಮ್ಮ ಕೊಲ್ಲಿಯಲ್ಲಿ ಏಡಿ ಬುಟ್ಟಿಗಳ ತೇಲುಬುರುಡೆ ನಿಮಗೂ ಗೊತ್ತಲ್ಲ. ಅವು ಯಾವ ಚಾರ್ಟ್‌ನಲ್ಲೂ ಇಲ್ಲ. 6 ನಾಟ್ ಅಂದರೆ ಗಂಟೆಗೆ 6 ನಾಟಿಕಲ್ ಮೈಲಿ, ಸೆಕೆಂಡಿಗೆ ಸುಮಾರು 3 ಮೀಟರ್. ಅರ್ಧ ನಿಮಿಷ ಪರದೆ ನೋಡುವಷ್ಟರಲ್ಲಿ 90 ಮೀಟರ್ ದಾಟಿರುತ್ತೀರಿ. ಮೋಟಾರ್ ಹಾಕಿ ಹೋಗುತ್ತಿದ್ದರೆ ಬುಟ್ಟಿಯ ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಳ್ಳಲು ಅಷ್ಟು ಸಾಕು. ಚುಕ್ಕಾಣಿಯನ್ನು ನಿಮ್ಮ ಕೈಗೆ ಬಿಟ್ಟುಕೊಡುವ, ಪೈಲಟ್‌ನ ಸ್ಟ್ಯಾಂಡ್‌ಬೈ ಬಟನ್ ಯಾವಾಗಲೂ ಕೈಗೆಟುಕುವಂತಿರಲಿ.

ದಾರಿ ಹಾಕುವಾಗ ಗುರುತನ್ನು ಬೋಯ್ (ದಾರಿ ತೋರಿಸಲು ನೀರಲ್ಲಿ ತೇಲಿಸಿದ ಗುರುತು) ಮೇಲೋ ದೀಪದ ಮೇಲೋ ಇಡಬೇಡಿ. ಸೇಂಟ್ ಮೈಕಲ್ಸ್‌ಗೆ ಹೋಗುವಾಗ ಬ್ಲಡಿ ಪಾಯಿಂಟ್‌ನ ವಾಲಿದ ದೀಪಸ್ತಂಭವನ್ನೇ ಗುರುತು ಮಾಡಿದರೆ ಪೈಲಟ್ ನಿಷ್ಠೆಯಿಂದ ಅದಕ್ಕೇ ಕೊಂಡೊಯ್ಯುತ್ತದೆ. ಆಳ ನೋಡಿಕೊಂಡು ಸಾಕಷ್ಟು ದೂರದಲ್ಲಿಡಿ.

ಕಾರವಾರದವ:

ಮಲೆನಾಡು ಹಾಯಿ ಅವರು ಹೇಳಿದ್ದು ಸರಿಯಾಗಿದೆ. ನಾನು ಸರಕು ಹಡಗಿನಲ್ಲಿ ಡೆಕ್ ಆಫೀಸರ್. ನಮ್ಮಲ್ಲೂ ಎಕ್‌ಡಿಸ್ (ಹಡಗಿನ ಎಲೆಕ್ಟ್ರಾನಿಕ್ ಚಾರ್ಟ್ ವ್ಯವಸ್ಥೆ) ಮೇಲೆ ದಾರಿ ಹಾಕಿ ಟ್ರ್ಯಾಕ್ ಕಂಟ್ರೋಲ್‌ಗೆ ಕೊಡುವುದುಂಟು. ಆದರೆ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ 5ನೇ ಅಧ್ಯಾಯದ 24ನೇ ನಿಯಮ ಸ್ಪಷ್ಟ. ಹಡಗುಗಳ ಓಡಾಟ ಜಾಸ್ತಿ ಇರುವಲ್ಲಿ, ಮಂಜು ಮುಸುಕಿದಾಗ, ಚುಕ್ಕಾಣಿ ತಕ್ಷಣ ಕೈಗೆ ಸಿಗುವಂತಿರಬೇಕು. ನಿಮ್ಮಂಥ ದೋಣಿಗೆ ಆ ನಿಯಮ ಕಟ್ಟುನಿಟ್ಟಲ್ಲ, ಆದರೂ ಪಾಲಿಸಿ.

ಇನ್ನೊಂದು ವಿಷಯ ಹಾಯಿದೋಣಿಯವರು ಎಲ್ಲರೂ ತಿಳಿದಿರಬೇಕು. ಬ್ರಿಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ ನೋಡುವಾಗ ಹಡಗಿನ ಮೂತಿಯ ಮುಂದೆ ಒಂದಷ್ಟು ನೀರು ನಮಗೆ ಕಾಣುವುದಿಲ್ಲ. ಹಡಗಿನ ಉದ್ದದ ಎರಡರಷ್ಟು ಅಥವಾ 500 ಮೀಟರ್, ಇವೆರಡರಲ್ಲಿ ಕಡಿಮೆ ಇರುವಷ್ಟು ದೂರ ಮರೆಯಾಗಿರಲು ನಿಯಮದಲ್ಲೇ ಅವಕಾಶವಿದೆ. ಬಾಲ್ಟಿಮೋರ್‌ಗೆ ಹೋಗುವ ಕಂಟೇನರ್ ಹಡಗಿನ ಮುಂದೆ ನೀವು ಅಷ್ಟು ಹತ್ತಿರ ದಾಟಿದರೆ ನಮ್ಮ ಕಣ್ಣಿಗೆ ನೀವಿಲ್ಲ. ಆಳದ ಕಾಲುವೆ ಬಿಟ್ಟು ನಾವು ಪಕ್ಕಕ್ಕೆ ಬರಲೂ ಆಗುವುದಿಲ್ಲ. ಇಂಟರ್ನೆಟ್‌ನಿಂದ ಹಡಗು ತೋರಿಸುವ ಆ್ಯಪ್ ನಂಬಿ ದಾಟಬೇಡಿ, ಅದು ತೋರಿಸುವ ಜಾಗ ಹಳೆಯದಿರಬಹುದು. ದೋಣಿಯಲ್ಲೇ ಎಐಎಸ್ ರಿಸೀವರ್ ಇಟ್ಟುಕೊಳ್ಳಿ ಮಾರಾಯ್ರೇ.

ಜಯನಗರ ಸರ್ಕ್ಯೂಟ್:

ಕೈಯಾರೆ ಮಾಡುವ ಆಸಕ್ತಿ ಇದ್ದರೆ ರಾಸ್ಪ್‌ಬೆರಿ ಪೈ ಮೇಲೆ ಸಿಗ್ನಲ್ ಕೆ ಸರ್ವರ್ ಹಾಕಿ, ಅದೇ ಗೇಟ್‌ವೇ ಕೆಲಸ ಮಾಡುತ್ತದೆ. ಪೈಪೈಲಟ್ ಅಂತ ಓಪನ್ ಸೋರ್ಸ್ ಆಟೋಪೈಲಟ್ಟೂ ಇದೆ, ಟ್ಯಾಬ್ಲೆಟ್‌ನ ಬ್ರೌಸರ್‌ನಿಂದಲೇ ನಡೆಸಬಹುದು. ಒಳ್ಳೆಯ 12 ವೋಲ್ಟ್ ಕನ್ವರ್ಟರ್ ಹಾಕುವುದು ಮರೆಯಬೇಡಿ. ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಪೈ ರೀಸ್ಟಾರ್ಟ್ ಆಗುತ್ತದೆ.

ಸೆವರ್ನ್ ದಂಡೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಐಪ್ಯಾಡ್ ಮನೆಯಲ್ಲೇ ಉಳಿಯಿತು. ಜಿಪಿಎಸ್ ಇರುವ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಓಪನ್‌ಸಿಪಿಎನ್ ಹಾಕಿ, ದಡದಲ್ಲಿ ಕಟ್ಟಿಕೊಂಡೇ ಪರೀಕ್ಷೆ ಮಾಡಿದೆವು. ಟ್ರ್ಯಾಕ್ ಒತ್ತಿದ ಕೂಡಲೇ ಪೈಲಟ್ ಬೀಪ್ ಅಂದು ಗುರುತಿನ ದಿಕ್ಕು ತೋರಿಸಿತು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು! ಆದರೆ ಚಾರ್ಟ್ ಮೇಲೆ ಅಳೆದ ದಿಕ್ಕು 161, ಪೈಲಟ್ ತೋರಿಸುವುದು 150. ತಂತಿಯಲ್ಲಿ ಏನಾದರೂ ತೊಂದರೆಯಾ?

ಮಲೆನಾಡು ಹಾಯಿ:

ತಂತಿ ಸರಿಯಾಗಿದೆ, ಇಲ್ಲದಿದ್ದರೆ ಅಂಕಿಯೇ ಬರುತ್ತಿರಲಿಲ್ಲ. ವ್ಯತ್ಯಾಸ 11 ಡಿಗ್ರಿ ಅಲ್ವಾ? ಅನಾಪೊಲಿಸ್ ಹತ್ತಿರ ಕಾಂತೀಯ ಉತ್ತರ ನಿಜವಾದ ಉತ್ತರದಿಂದ ಪಶ್ಚಿಮಕ್ಕೆ ಸುಮಾರು ಅಷ್ಟೇ ಸರಿದಿದೆ. ನೀವು ಚಾರ್ಟ್‌ನಲ್ಲಿರುವ ದಿಕ್ಕಿನ ಚಿತ್ರದ ಒಳಗಿನ ಕಾಂತೀಯ ವೃತ್ತದಿಂದ ಅಳೆದಿದ್ದೀರಿ, ಆ್ಯಪ್ ನಿಜವಾದ ಉತ್ತರದ ಲೆಕ್ಕದಲ್ಲಿ ಕಳಿಸುತ್ತಿದೆ. ಪೈಲಟ್ ನಂಬುವುದು ತನ್ನ ದಿಕ್ಸೂಚಿಯನ್ನು, ಅದು ಕಾಂತೀಯ. ಓಪನ್‌ಸಿಪಿಎನ್ ಆಪ್ಷನ್ಸ್‌ನ ಕನೆಕ್ಷನ್ಸ್‌ಗೆ ಹೋಗಿ. ಇಸಿಎಪಿಬಿ (ಓಪನ್‌ಸಿಪಿಎನ್ ಕಳಿಸುವ ಎಪಿಬಿ) ಸಾಲಿನಲ್ಲಿ ಮ್ಯಾಗ್ನೆಟಿಕ್ ಬೇರಿಂಗ್ ಬಳಸು ಅನ್ನುವ ಅರ್ಥದ ಚೌಕವೊಂದಿದೆ, ಅದಕ್ಕೆ ಟಿಕ್ ಹಾಕಿ. ಮತ್ತೆ ಟ್ರ್ಯಾಕ್ ಒತ್ತಿದಾಗ 161 ಬರಬೇಕು. ಬಂದ ಮೇಲೆ ಗಾಳಿ ಕಡಿಮೆ ಇರುವ ದಿನ ನೋಡಿ, ಥಾಮಸ್ ಪಾಯಿಂಟ್ ದೀಪಸ್ತಂಭದ ಪೂರ್ವಕ್ಕೆ ದೂರದಲ್ಲೊಂದು ಗುರುತಿಟ್ಟು ಹೊರಡಿ. ಒಬ್ಬರು ಪರದೆ ನೋಡುವಾಗ ಇನ್ನೊಬ್ಬರು ನೀರು ನೋಡುತ್ತಿರಿ.