ಗೆಳೆಯನ ಜೊತೆ ನಗೆಯ ಸೈನ್ಸ್ ಫಿಕ್ಷನ್ ಓದುತ್ತಿದ್ದೇನೆ, ಅರ್ಧಕ್ಕೆ ನಿಂತಿದೆ. ಮುಂದುವರಿಸೋದಾ, ಬಿಡೋದಾ?

ತುಮಕೂರು_ಸೀಸನ್‌ಪಾಸ್

ನಾನು, ನನ್ನ ಗೆಳೆಯ ಇಬ್ಬರೂ ತುಮಕೂರಿನವರು. ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲು. ಸೀಟು ಸಿಕ್ಕರೆ ಕೂತು ಮೊಬೈಲ್ ನೋಡುವುದು, ಸಿಗದಿದ್ದರೆ ಬಾಗಿಲ ಹತ್ತಿರ ನಿಂತು ಮೊಬೈಲ್ ನೋಡುವುದು. ಇದು ಸಾಕಾಗಿ ಇಬ್ಬರೂ ಒಂದೇ ಪುಸ್ತಕ ಓದೋಣ ಅಂತ ಶುರು ಮಾಡಿದೆವು. ಆರಿಸಿಕೊಂಡಿದ್ದು ಡಗ್ಲಸ್ ಆಡಮ್ಸ್ ಬರೆದ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'. ರಾತ್ರಿ ಮನೆಯಲ್ಲಿ ಒಂದು ಅಧ್ಯಾಯ ಓದಿಕೊಂಡು ಬರಬೇಕು, ಬೆಳಿಗ್ಗೆ ರೈಲಿನಲ್ಲಿ ಅದರ ಬಗ್ಗೆ ಮಾತು. ಇಷ್ಟೇ ಒಪ್ಪಂದ.

ಮೊದಲ ಅಧ್ಯಾಯ ಅವನಿಗೆ ಸಿಕ್ಕಾಪಟ್ಟೆ ಹಿಡಿಸಿತು. ಆರ್ಥರ್ ಡೆಂಟ್ ಅಂತ ಒಬ್ಬ ಬಡಪಾಯಿ ಬೆಳಿಗ್ಗೆ ಎದ್ದು ನೋಡಿದರೆ ಮನೆ ಮುಂದೆ ಬುಲ್ಡೋಜರ್. ಬೈಪಾಸ್ ರಸ್ತೆಗೆ ಮನೆ ಕೆಡವಬೇಕಂತೆ. ಪ್ಲಾನ್ ಒಂಬತ್ತು ತಿಂಗಳಿಂದ ಆಫೀಸಿನಲ್ಲಿ ಇಟ್ಟಿದ್ದೆವಲ್ಲ, ನೀವ್ಯಾಕೆ ಬಂದು ನೋಡಲಿಲ್ಲ ಅಂತ ಅಲ್ಲಿಯ ಸಾಹೇಬರು ಕೇಳುತ್ತಾರೆ. ಎಲ್ಲಿಟ್ಟಿದ್ದರು ಅಂದರೆ, ದೀಪವೂ ಇಲ್ಲದ ಮೆಟ್ಟಿಲೂ ಇಲ್ಲದ ನೆಲಮಾಳಿಗೆಯಲ್ಲಿ, ಯಾರೂ ಬಳಸದ ಪಾಯಿಖಾನೆಯೊಳಗೆ, ಬೀಗ ಹಾಕಿದ ಬೀರುವಿನ ತಳದಲ್ಲಿ. ಬಾಗಿಲ ಮೇಲೆ ಚಿರತೆ ಇದೆ ಎಚ್ಚರಿಕೆ ಅಂತ ಬೋರ್ಡು ಬೇರೆ.

ನನ್ನ ಗೆಳೆಯನ ಮನೆಯವರ ತೆಂಗಿನ ತೋಟದ ಒಂದು ಸಾಲು ರಸ್ತೆ ಅಗಲ ಮಾಡುವುದಕ್ಕೆ ಹೋಗಿದೆ. ಸರ್ವೆಯವರು ಕಲ್ಲು ನೆಟ್ಟು, ಮರಗಳ ಮೇಲೆ ಬಣ್ಣದಲ್ಲಿ ನಂಬರ್ ಬರೆದುಹೋದ ಮೇಲೇ ಅವರಿಗೆ ವಿಷಯ ಗೊತ್ತಾಗಿದ್ದು. ಕೇಳಿದರೆ ನೋಟಿಸ್ ಅಂಟಿಸಿದ್ದೆವಲ್ಲ ಅಂದರಂತೆ. ಯಾವ ಗೋಡೆಗೆ ಅಂತ ಇವತ್ತಿಗೂ ತಿಳಿದಿಲ್ಲ. ಹಾಗಾಗಿ ಆ ಪುಟವನ್ನು ರೈಲಿನಲ್ಲಿ ಮತ್ತೆ ತೆಗೆದು ಓದಿ ಹಿರೇಹಳ್ಳಿ ದಾಟುವವರೆಗೂ ನಗುತ್ತಲೇ ಇದ್ದ. "ಇವನು ನಮ್ಮೂರಿಗೆ ಯಾವಾಗ ಬಂದಿದ್ದ ಕಣೋ?" ಅಂದ. ಚಿರತೆ ಬೋರ್ಡು ಮಾತ್ರ ಅವನಿಗೆ ಜೋಕ್ ಅಂತ ಅನ್ನಿಸಲೇ ಇಲ್ಲ. ದೇವರಾಯನದುರ್ಗದ ಸುತ್ತಮುತ್ತ ಅಂಥ ಬೋರ್ಡು ಹಾಕಿದರೆ ಜನ ಸಂಜೆಗೇ ದನ ಒಳಗೆ ಕಟ್ಟಿ ಬಾಗಿಲು ಹಾಕಿಕೊಳ್ಳುತ್ತಾರೆ, ಅದರಲ್ಲಿ ನಗುವುದೇನಿದೆ ಅಂತ.

ಆಮೇಲೆ ಭೂಮಿಯನ್ನೇ ಬೈಪಾಸ್‌ಗಾಗಿ ಕೆಡವುವುದು, ಪ್ಲಾನ್ 50 ವರ್ಷದಿಂದ ಆಲ್ಫಾ ಸೆಂಟಾರಿ ನಕ್ಷತ್ರದ ಹತ್ತಿರ ಇಟ್ಟಿತ್ತು, ನಾಲ್ಕು ಜ್ಯೋತಿರ್ವರ್ಷ ಅಷ್ಟೇ, ನೀವು ಹೋಗಿ ನೋಡಬಾರದಿತ್ತೇ ಅನ್ನುವುದು, ಅದೂ ಚೆನ್ನಾಗಿ ಹೋಯಿತು. ಕೆಟ್ಟಿದ್ದು ಅದರ ನಂತರ. ಆರ್ಥರ್ ಮತ್ತು ಅವನ ಗೆಳೆಯ ಫೋರ್ಡ್ ಇಬ್ಬರನ್ನೂ ವೋಗನ್ನರು, ಅಂದರೆ ಭೂಮಿ ಕೆಡವಿದ ಅನ್ಯಗ್ರಹದವರು, ಹಡಗಿನಿಂದ ಆಚೆ ಎಸೆಯುತ್ತಾರೆ. 30 ಸೆಕೆಂಡಿನಲ್ಲಿ ಸಾಯಬೇಕು. 29ನೇ ಸೆಕೆಂಡಿಗೆ ಇನ್ನೊಂದು ಹಡಗು ಬಂದು ಎತ್ತಿಕೊಳ್ಳುತ್ತದೆ. "ಇದೇನು ಸಿನಿಮಾನಾ?" ಅಂತ ಪುಸ್ತಕ ಮುಚ್ಚಿದ. ಅವನ ಇನ್ನೊಂದು ತಕರಾರು, ಕಥೆ ಎರಡು ಹೆಜ್ಜೆ ಹೋಗುತ್ತದೆ, ಆಮೇಲೆ ಟವೆಲ್ ಬಗ್ಗೆ ಒಂದು ಪುಟ. ಮತ್ತೆ ಎರಡು ಹೆಜ್ಜೆ, ಕಿವಿಯಲ್ಲಿ ಹಾಕಿಕೊಳ್ಳುವ ಮೀನಿನ ಬಗ್ಗೆ ಒಂದು ಪುಟ.

ಈಗ ಓದದೇ ಬಂದು "ಏನಾಯ್ತು ಹೇಳು" ಅನ್ನುತ್ತಾನೆ. ನಾನು ಹೇಳಿದರೆ ನಗು ಬರುವುದಿಲ್ಲ. ನನಗೆ ಪುಸ್ತಕ ಇಷ್ಟವಾಗಿದೆ, ಅವನನ್ನು ಬಿಟ್ಟು ಒಬ್ಬನೇ ಓದುವುದಕ್ಕೆ ಮನಸ್ಸಿಲ್ಲ. ಏನು ಮಾಡಲಿ?

ಶಿರಾಗೇಟ್

ಉತ್ತರ 42. ಪುಸ್ತಕ ಮುಗೀತು. ಇಬ್ಬರೂ ಇಸ್ಪೀಟು ಆಡಿಕೊಂಡು ಹೋಗಿ.

ರೇಡಿಯೋ_ಕಿವಿ

ಶಿರಾಗೇಟ್ ಗುರುಗಳೇ, ಅಷ್ಟು ಹೇಳಿದರೆ ಏನೂ ಕೆಡಲಿಲ್ಲ. 42 ಅನ್ನುವುದು ಅಂಗಿ ಮೇಲೂ ಅಚ್ಚಾಗಿದೆ, ಎಲ್ಲರಿಗೂ ಗೊತ್ತು. ಬದುಕು, ವಿಶ್ವ, ಎಲ್ಲದಕ್ಕೂ ಉತ್ತರ ಏನು ಅಂತ ಒಂದು ಕಂಪ್ಯೂಟರ್ 75 ಲಕ್ಷ ವರ್ಷ ಕೂತು ಲೆಕ್ಕ ಹಾಕಿ ಉತ್ತರ ಕೊಟ್ಟ ಮೇಲೆ, ಪ್ರಶ್ನೆ ಏನಿತ್ತು ಅಂತಲೇ ಯಾರಿಗೂ ತಿಳಿದಿಲ್ಲ ಅನ್ನುವ ಜಾಗದಲ್ಲಿ ಮಜಾ ಇರುವುದು. ಅದು ಓದಿದರೇ ಸಿಗುವುದು.

ಸೀಸನ್‌ಪಾಸ್ ಅವರೇ, ನೀವು ಓದುತ್ತಿರುವ ರೀತಿ ಈ ಪುಸ್ತಕಕ್ಕೆ ಹೊಂದುವುದಿಲ್ಲ. ಇದು ಪುಸ್ತಕವಾಗಿ ಹುಟ್ಟಿದ್ದೇ ಅಲ್ಲ. 1978ರ ಮಾರ್ಚ್ 8ರ ರಾತ್ರಿ ಬಿಬಿಸಿ ರೇಡಿಯೋ 4ರಲ್ಲಿ ಶುರುವಾದ ನಾಟಕ, ಅರ್ಧರ್ಧ ಗಂಟೆಯ ಕಂತುಗಳು. ಜನಕ್ಕೆ ಹಿಡಿಸಿತು, 1979ರಲ್ಲಿ ಕಾದಂಬರಿ ಬಂತು. ನಾಟಕದಲ್ಲಿ ಆ 'ಗೈಡ್'ಗೆ, ಅಂದರೆ ಕಥೆಯೊಳಗೆ ಬರುವ ಪ್ರವಾಸಿ ಕೈಪಿಡಿಗೆ, ಒಂದು ಪ್ರತ್ಯೇಕ ದನಿ ಇತ್ತು, ಪೀಟರ್ ಜೋನ್ಸ್ ಅನ್ನುವ ನಟ ಓದುತ್ತಿದ್ದರು. ಈ ಕಡೆ ಪಾತ್ರಗಳು ಪ್ರಾಣಭಯದಲ್ಲಿ ಕೂಗಾಡುತ್ತಿರುತ್ತವೆ, ಆ ದನಿ ಮಧ್ಯೆ ಬಂದು ಏನೂ ಆಗಿಲ್ಲವೇನೋ ಅನ್ನುವ ಹಾಗೆ ತಣ್ಣಗೆ ಟವೆಲ್ ಉಪಯೋಗ ಹೇಳುತ್ತದೆ. ಕೇಳುವಾಗ ಎರಡು ದನಿ ಬೇರೆ ಬೇರೆ, ಅದರಲ್ಲೇ ನಗು. ಪುಟದ ಮೇಲೆ ಎರಡೂ ಒಂದೇ ಅಕ್ಷರದಲ್ಲಿ ಬೆರೆತು ಕೂತಿವೆ, ಅದಕ್ಕೇ ನಿಮ್ಮ ಗೆಳೆಯನಿಗೆ ಕಥೆ ನಿಂತುಹೋದ ಹಾಗೆ ಅನ್ನಿಸುತ್ತಿದೆ.

ಹಾಗಾಗಿ ಮನೆಯಲ್ಲಿ ಓದುವುದನ್ನು ಬಿಟ್ಟುಬಿಡಿ. ರೈಲಿನಲ್ಲೇ ಜೋರಾಗಿ ಓದಿ, ಹಂಚಿಕೊಂಡು. ಕಥೆ ನೀವು, ಗೈಡ್ ಮಾತೆಲ್ಲ ಅವನು. ಗೈಡ್ ಓದುವವನು ನಗಬಾರದು, ಸ್ಟೇಷನ್ನಿನ ಅನೌನ್ಸ್‌ಮೆಂಟ್ ದನಿಯಲ್ಲಿ ಓದಬೇಕು, ದನಿ ಮೇಲೂ ಇಲ್ಲ ಕೆಳಗೂ ಇಲ್ಲ. ಯಾವ ಭಾಗ ಅವನಿಗೆ ಬೇಜಾರೋ ಅದೇ ಅವನ ಪಾಲಿಗೆ ಬರಲಿ.

29ನೇ ಸೆಕೆಂಡಿನ ಬಗ್ಗೆ ಅವನು ಹೇಳಿದ್ದು ಸರಿಯೇ. ಬರೆದವನಿಗೂ ಹಾಗೇ ಅನ್ನಿಸಿತ್ತು. ಇಬ್ಬರನ್ನೂ ಆಚೆ ಎಸೆದುಬಿಟ್ಟ, ಇನ್ನು ಹೇಗೆ ಉಳಿಸಿದರೂ ಯಾರೂ ನಂಬುವುದಿಲ್ಲ. ಟಿವಿಯಲ್ಲಿ ಜೂಡೋ ಬಗ್ಗೆ ಏನೋ ಕಾರ್ಯಕ್ರಮ ನೋಡುವಾಗ ದಾರಿ ಹೊಳೆಯಿತು ಅಂತ ಆಡಮ್ಸ್ ಹೇಳಿಕೊಂಡಿದ್ದಾನೆ. ಜೂಡೋದಲ್ಲಿ ಎದುರಾಳಿಯ ಭಾರ ಬಳಸಿಯೇ ಅವನನ್ನು ಕೆಡವುವುದು. ನಂಬಲಾಗದ್ದೇ ತೊಂದರೆ ಅಲ್ವಾ? ಸರಿ, ನಂಬಲಾಗದ್ದರ ಬಲದಿಂದಲೇ ಓಡುವ ಎಂಜಿನ್ ಒಂದನ್ನು ಮಾಡಿ ಹಡಗಿಗೆ ಕೂರಿಸಿದ. ಸಿನಿಮಾದಲ್ಲಿ ಹೀರೋ ಕಡೇ ಗಳಿಗೆಯಲ್ಲಿ ಉಳಿದಾಗ ನಾವು ಸುಮ್ನೆ ಒಪ್ಪಿಕೊಳ್ಳುತ್ತೇವೆ. ಇವನು ಹಾಗೆ ಒಪ್ಪಿಕೊಳ್ಳುವುದಕ್ಕೆ ಬಿಡುವುದಿಲ್ಲ, ಲೆಕ್ಕ ತೋರಿಸುತ್ತಾನೆ. ಆ ಲೆಕ್ಕದ ಅಂಕಿ ಯಾವುದೋ ಮನೆಯ ಫೋನ್ ನಂಬರೂ ಆಗಿರುತ್ತದೆ. ಆ ಮನೆಗೂ ಆರ್ಥರ್‌ಗೂ ಏನು ಸಂಬಂಧ ಅನ್ನುವುದನ್ನು ಗಮನಿಸಿ ಓದಿ, ಮುಂದೆ ಬೇಕಾಗುತ್ತದೆ.

ಕೋಲಾರದ_ಕಡೆಯವಳು

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಬೇಡ ಅನ್ನಿಸಿದರೆ ಬಿಡಲಿ. ಯಾರನ್ನೂ ಕೂರಿಸಿಕೊಂಡು ನಗಿಸುವುದಕ್ಕೆ ಆಗುವುದಿಲ್ಲ. ನಾನೂ ನನ್ನ ಗೆಳತಿಯೂ ಇದೇ ಪುಸ್ತಕ ಶುರು ಮಾಡಿದ್ದೆವು, ಅವಳು ಮಧ್ಯೆ ಬಿಟ್ಟಳು, ನಾನು ಮುಗಿಸಿದೆ. ಜಗಳವೇನೂ ಆಗಲಿಲ್ಲ.

ಅವಳ ದೂರಿನಲ್ಲಿ ಹುರುಳಿತ್ತು ಕೂಡ. ಟ್ರಿಲಿಯನ್ ಅಂತ ಒಬ್ಬಳು ಬರುತ್ತಾಳೆ ನೋಡಿ. ಗಣಿತ, ಖಗೋಳ ಭೌತಶಾಸ್ತ್ರ ಎರಡೂ ಓದಿದವಳು. ಹಡಗಿನಲ್ಲಿ ತಲೆ ಇರುವ ಮನುಷ್ಯಳು ಅವಳೊಬ್ಬಳೇ. ಆದರೆ ಪುಸ್ತಕದ ತುಂಬ ಅವಳಿಗೆ ಹೇಳಿಕೊಳ್ಳುವಂಥ ಕೆಲಸವೇ ಇಲ್ಲ. ಜೋಕೆಲ್ಲ ಗಂಡಸರಿಗೆ, ಇವಳು ಪಕ್ಕದಲ್ಲಿ ನಿಂತಿರುತ್ತಾಳೆ. 1979ರಲ್ಲಿ ಬರೆದದ್ದು ಅಂತ ಸಮಾಧಾನ ಹೇಳಬಹುದು, ನನಗೇನೋ ಸಮಾಧಾನ ಆಗಲಿಲ್ಲ.

ಆದರೆ ಅಡ್ಡಕಥೆ ಜಾಸ್ತಿ ಅನ್ನುವ ತಕರಾರು ಒಪ್ಪುವುದಿಲ್ಲ. ಹರಿಕಥೆ ದಾಸರು ಸೀತಾ ಕಲ್ಯಾಣ ನಿಲ್ಲಿಸಿ ಅತ್ತೆ ಸೊಸೆ ಉಪಕಥೆ ಹೇಳುವಾಗಲೇ ಅಲ್ವಾ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕೂರುವುದು? ಕಲ್ಯಾಣ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಬಿಡುವ ಮುಂಚೆ ಎರಡು ಜಾಗ ತೋರಿಸಿ. ಒಂದು ನೀವು ಆಗಲೇ ದಾಟಿದ್ದೀರಿ, ಭೂಮಿ ಹೋದ ಮೇಲೆ ಆರ್ಥರ್ ಅದನ್ನು ಮನಸ್ಸಿಗೆ ತಂದುಕೊಳ್ಳಲು ಒದ್ದಾಡುವ ಕಡೆ. ಅಮೆರಿಕ ಇಲ್ಲ ಅಂದುಕೊಳ್ಳುತ್ತಾನೆ, ಮನಸ್ಸಿಗೆ ಹತ್ತುವುದೇ ಇಲ್ಲ. ನ್ಯೂಯಾರ್ಕ್ ಇಲ್ಲ, ಅದೂ ತಟ್ಟುವುದಿಲ್ಲ. ಡಾಲರ್ ಮುಳುಗಿಹೋಯಿತು ಅಂದಾಗ ಸ್ವಲ್ಪ ನಡುಕ. ಬೋಗಾರ್ಟ್ ಅನ್ನುವ ನಟನ ಹಳೇ ಸಿನಿಮಾಗಳೆಲ್ಲ ಹೋದವು ಅಂದಾಗ ಪೆಟ್ಟು ಬೀಳುತ್ತದೆ. ಕೊನೆಗೆ ಮೆಕ್‌ಡೊನಾಲ್ಡ್ಸ್ ಬರ್ಗರ್ ಇನ್ನಿಲ್ಲ ಅಂತ ಹೊಳೆದಾಗ ಮೂರ್ಛೆ ಹೋಗುತ್ತಾನೆ. ನಗೆಪುಸ್ತಕದಲ್ಲಿ ಇಷ್ಟು ದುಃಖ ಇಟ್ಟಿದ್ದಾನಲ್ಲ ಅಂತ ನಾನು ಅಲ್ಲಿ ಸ್ವಲ್ಪ ಹೊತ್ತು ಪುಸ್ತಕ ಕೆಳಗಿಟ್ಟಿದ್ದೆ. ನಿಮ್ಮ ಗೆಳೆಯನನ್ನು ಕೇಳಿ, ಅವನು ಯಾವುದಕ್ಕೆ ಮೂರ್ಛೆ ಹೋಗುತ್ತಾನೆ ಅಂತ.

ಇನ್ನೊಂದು ಮಾರ್ವಿನ್, ಸದಾ ಬೇಜಾರಿನಲ್ಲಿರುವ ರೋಬೋ. ನೀವು ನಿಂತಿರುವ ಜಾಗದಿಂದ ಇನ್ನು ಕೆಲವೇ ಪುಟ. ಒಂದು ಗ್ರಹದಷ್ಟು ಮಿದುಳು ಅವನದು, ಅವನಿಗೆ ಹೇಳುವ ಕೆಲಸ, ಹಡಗಿಗೆ ಬಂದವರನ್ನು ಹೋಗಿ ಕರೆದುಕೊಂಡು ಬಾ ಅಂತ. ದಿನಾ ಬೆಂಗಳೂರಿಗೆ ಹೋಗಿ ಬರುವ ನೌಕರ ಮಾರ್ವಿನ್ನನ್ನು ಓದಿ ನಗದಿದ್ದರೆ ಆಗ ಬಿಡಿ, ನಾನೇ ಹೇಳುತ್ತೇನೆ.

ಗೌರಿಬಿದನೂರು_ಬಯಲು

ಟವೆಲ್ ಪುಟಕ್ಕೆ ಬೇಜಾರಾಯಿತು ಅಂತ ತುಮಕೂರಿನವರು ಹೇಳುವುದಾ? ಬಸ್ಸು ನಿಲ್ಲುವ ಮುಂಚೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಊರುಗಳು ನಮ್ಮವು. ಹೊದೆಯಬಹುದು, ಹಾಸಬಹುದು, ಒದ್ದೆ ಮಾಡಿಕೊಂಡು ಹೊಡೆದಾಡಬಹುದು ಅಂತೆಲ್ಲ ಬರೆದವನಿಗೆ ಈ ಒಂದು ಉಪಯೋಗ ಗೊತ್ತಿರಲಿಲ್ಲ ಅಷ್ಟೇ. ಅವನು 2001ರ ಮೇ 11ರಂದು ತೀರಿಕೊಂಡ ಮೇಲೆ ಅಭಿಮಾನಿಗಳು ಅದೇ ತಿಂಗಳ 25ಕ್ಕೆ ಟವೆಲ್ ದಿನ ಅಂತ ಶುರು ಮಾಡಿದರು, ಈಗಲೂ ಆ ದಿನ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಓಡಾಡುತ್ತಾರೆ. ನಮ್ಮ ತಾತ ವರ್ಷಪೂರ್ತಿ ಆಚರಿಸುತ್ತಿದ್ದರು.

ನನಗೆ ಇಷ್ಟವಾದ ಸಾಲು ಬೇರೆ. ವೋಗನ್ ಹಡಗುಗಳು ಭೂಮಿಗೆ ಬರುವಾಗ ದೊಡ್ಡ ದೊಡ್ಡ ಕೇಂದ್ರಗಳ ಕಣ್ಣಿಗೆ ಬೀಳುವುದೇ ಇಲ್ಲ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ರೇಡಿಯೋ ದೂರದರ್ಶಕವೂ ಆ ಪಟ್ಟಿಯಲ್ಲಿದೆ. ಇಷ್ಟು ವರ್ಷ ಅವರು ಹುಡುಕುತ್ತಿದ್ದದ್ದೇ ಇಂಥದ್ದನ್ನ, ಪಾಪ. ನಮ್ಮೂರ ಹತ್ತಿರವೂ ಎಪ್ಪತ್ತರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ ಇದೆ. ತಟ್ಟೆ ಆಕಾರದ್ದಲ್ಲ, ಬಯಲಿನಲ್ಲಿ ಇಂಗ್ಲಿಷ್ ಟಿ ಅಕ್ಷರದ ಹಾಗೆ ಕಂಬ ತಂತಿಗಳು, ಪೂರ್ವ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್. ಗೊತ್ತಿಲ್ಲದವರು ನೋಡಿದರೆ ದ್ರಾಕ್ಷಿ ಚಪ್ಪರಕ್ಕೆ ಕಂಬ ನೆಟ್ಟು ಬಳ್ಳಿ ಹಾಕುವುದು ಮರೆತಿದ್ದಾರೆ ಅಂದುಕೊಳ್ಳಬೇಕು. ಪುಸ್ತಕದಲ್ಲಿ ನಮ್ಮ ಹೆಸರಿಲ್ಲ. ಅಂದರೆ ನಾವು ನೋಡಿರಬಹುದು, ಯಾರೂ ಕೇಳಲಿಲ್ಲ ಅಷ್ಟೇ.

ಸಲಹೆ: ರೇಡಿಯೋ_ಕಿವಿ ಹೇಳಿದ್ದೇ ಸರಿ, ಜೋರಾಗಿ ಓದಿ. ಇಂಗ್ಲಿಷ್ ಓದಿ ತಕ್ಷಣ ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ. ಜೋಕ್ ಬಿಡಿಸಿ ವಿವರಿಸುವುದಕ್ಕೆ ಮಾತ್ರ ಹೋಗಬೇಡಿ. ಅವನಿಗೆ ಹತ್ತರಲ್ಲಿ ನಾಲ್ಕು ಹತ್ತದಿದ್ದರೆ ಹತ್ತದಿರಲಿ, ಮುಂದೆ ಹೋಗಿ.

ತುಮಕೂರು_ಸೀಸನ್‌ಪಾಸ್

ಎಲ್ಲರಿಗೂ ಥ್ಯಾಂಕ್ಸ್. ಹಂಚಿಕೊಂಡು ಓದುವುದು ಶುರುವಾಗಿದೆ. ಅವನ ಅನೌನ್ಸ್‌ಮೆಂಟ್ ದನಿ ಎಷ್ಟು ಚೆನ್ನಾಗಿದೆ ಅಂದರೆ ಎದುರಿಗೆ ಕೂತಿದ್ದ ಒಬ್ಬರು ಯಾವ ಗಾಡಿ ಲೇಟು ಅಂತ ಕೇಳಿದರು. ನಡುನಡುವೆ ಅವನೇ ನಗುತ್ತಾನೆ, ದಂಡ ಕಾಫಿ ಅಂತ ಇಟ್ಟಿದ್ದೇವೆ.

ಕೋಲಾರದ ಮೇಡಂ, ನಿಮ್ಮ ಪ್ರಶ್ನೆ ಕೇಳಿದೆ. ವಿಧಾನಸೌಧ ಇಲ್ಲ ಅಂದೆ, ತಲೆ ಕೆಡಿಸಿಕೊಳ್ಳಲಿಲ್ಲ. ಆಫೀಸು ಇಲ್ಲ ಅಂದೆ, ಖುಷಿಪಟ್ಟ. ಕ್ಯಾತಸಂದ್ರದ ತಟ್ಟೆ ಇಡ್ಲಿ ಇಲ್ಲ ಅಂದಾಗ ಸುಮ್ಮನಾದ. ಆಮೇಲೆ "ತೋಟದ ಆ ಒಂದು ಸಾಲು ಹೆಂಗೂ ಹೋಯ್ತಲ್ಲ ಬಿಡು" ಅಂದ. ಅದಕ್ಕೆ ನಾನೇನೂ ಹೇಳಲಿಲ್ಲ, ಮಾರ್ವಿನ್ ಪುಟ ತೆಗೆದು ಕೊಟ್ಟೆ. ಮಾರ್ವಿನ್ ಬಂದ ಮೇಲೆ ನಾನು ಏನೂ ಮಾಡಬೇಕಾಗಿಲ್ಲ. ಆಫೀಸಿನಿಂದ ಮೆಸೇಜ್ ಬಂದರೂ ಮಾರ್ವಿನ್ ದನಿಯಲ್ಲೇ ಓದಿ ಹೇಳುತ್ತಾನೆ.

ರೇಡಿಯೋ_ಕಿವಿ

ಒಳ್ಳೇದಾಯಿತು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಈ ಪುಸ್ತಕ ಸರಿಯಾಗಿ ಮುಗಿಯುವುದಿಲ್ಲ, ನಿಂತುಹೋಗುತ್ತದೆ. ರೇಡಿಯೋದ ಮೊದಲ ಆರು ಕಂತುಗಳಲ್ಲಿ ನಾಲ್ಕರ ಕಥೆ ಮಾತ್ರ ಇದರಲ್ಲಿದೆ. ಕೊಟ್ಟ ಗಡುವನ್ನು ಆಡಮ್ಸ್ ಮೀರಿ ಮೀರಿ, ಪ್ರಕಾಶಕರು ಸಾಕಾಗಿ ಈಗ ಬರೆಯುತ್ತಿರುವ ಪುಟ ಮುಗಿಸಿ ಕೊಟ್ಟುಬಿಡು ಅಂದರು ಅಂತ ಹೇಳುತ್ತಾರೆ. ಕೊನೆಯಲ್ಲಿ ಎಲ್ಲರೂ ಹಸಿವಾಗಿ ಊಟಕ್ಕೆ ಹೊರಡುತ್ತಾರೆ. ಆ ಊಟ 1980ರಲ್ಲಿ ಬಂದ ಎರಡನೇ ಪುಸ್ತಕದಲ್ಲಿದೆ, 'ದಿ ರೆಸ್ಟೊರೆಂಟ್ ಅಟ್ ದಿ ಎಂಡ್ ಆಫ್ ದಿ ಯೂನಿವರ್ಸ್'. ಮೊದಲನೆಯದು ಮುಗಿಯುವ ಮುಂಚೆಯೇ ತಂದಿಟ್ಟುಕೊಳ್ಳಿ. ಸಿನಿಮಾನಾ ಅಂತ ಕೇಳಿದವನು ಆ ಕೊನೇ ಪುಟ ನೋಡಿದರೆ ಪುಸ್ತಕವನ್ನು ದೊಡ್ಡಬೆಲೆ ಹತ್ತಿರ ಕಿಟಕಿಯಿಂದ ಎಸೆಯುತ್ತಾನೆ.

ತುಮಕೂರು_ಸೀಸನ್‌ಪಾಸ್

ಹೆಸರಲ್ಲೇ ಹೋಟೆಲ್ ಇದೆಯಲ್ಲ, ಅದಕ್ಕೆ ದುಡ್ಡು ಅವನೇ ಕೊಡುತ್ತಾನೆ ಬಿಡಿ.