ಮಿಂಟ್ ಶುರುವಾಗಲು ಎರಡು ನಿಮಿಷಕ್ಕೂ ಜಾಸ್ತಿ, ಅಂಗಡಿಯಲ್ಲಿ ಗಿರಾಕಿ ಕಾಯ್ತಾರೆ, ಸಹಾಯ ಮಾಡಿ

ಡಿಟಿಪಿ_ಸಾಗರ:
ಎಲ್ಲರಿಗೂ ನಮಸ್ಕಾರ. ನನ್ನದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ 21.3 ಆಪರೇಟಿಂಗ್ ಸಿಸ್ಟಮ್ (ಓಎಸ್) ಇದೆ, ಸಿನಮನ್ ಪರದೆ. ಮೊದಲು ಅರ್ಧ ನಿಮಿಷದ ಆಚೀಚೆ ಶುರುವಾಗುತ್ತಿತ್ತು. ಈಗ ಎರಡು ನಿಮಿಷ ದಾಟುತ್ತದೆ. ಮಳೆಗಾಲ ಬೇರೆ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಹೋಗಿ ಬಂದಾಗಲೆಲ್ಲ ಅರ್ಜಿ ಹಿಡಿದು ನಿಂತ ಜನ ಕಾಯಬೇಕು, ಪಕ್ಕದ ಅಂಗಡಿಗೆ ಹೋಗಿಬಿಡುತ್ತಾರೆ.

ಸ್ಟಾರ್ಟಪ್ ಅಪ್ಲಿಕೇಷನ್ಸ್‌ನಲ್ಲಿ ಬೇಡದ್ದನ್ನೆಲ್ಲ ತೆಗೆದೆ. ಬ್ಲೂಟೂತ್ ನಿಲ್ಲಿಸಿದೆ. ಹಳೆಯ ಕರ್ನೆಲ್‌ಗಳನ್ನು (ಓಎಸ್‌ನ ತಿರುಳು ಭಾಗ) ಅಳಿಸಿದೆ. ಏನೂ ಬದಲಾಗಲಿಲ್ಲ. ಅಲ್ಲದೆ ಪುಟ ವಿನ್ಯಾಸದ ಸ್ಕ್ರೈಬಸ್, ಫೈರ್‌ಫಾಕ್ಸ್ ಎರಡೂ ತೆರೆದರೆ ಮಷಿನ್ ಪೂರ್ತಿ ಸಿಕ್ಕಿಕೊಳ್ಳುತ್ತದೆ. ಅದು ಬೇರೆ ತೊಂದರೆ ಇರಬೇಕು, ಆಮೇಲೆ ಕೇಳುತ್ತೇನೆ. ಮೊದಲು ಇದಕ್ಕೊಂದು ದಾರಿ ಹೇಳಿ.

ರೂಟ್‌ರಾಜ:
ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ? ಹಾರ್ಡ್ ಡಿಸ್ಕ್ ಆದರೆ ಬೇರೆ ಏನೂ ಹುಡುಕಬೇಡಿ. ಎಸ್‌ಎಸ್‌ಡಿ ಹಾಕಿ.

ಡಿಟಿಪಿ_ಸಾಗರ:
1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ನಾಲ್ಕನೇ ತಲೆಮಾರಿನ ಐ3. ಆದರೆ ಇದೇ ಡಿಸ್ಕ್‌ನಲ್ಲಿ ಮೊದಲು ಬೇಗ ಬರುತ್ತಿತ್ತಲ್ಲ ಸರ್?

ರೂಟ್‌ರಾಜ:
ಅದಕ್ಕೇ ಹೇಳಿದ್ದು. ಕರೆಂಟ್ ಪದೇ ಪದೇ ಹೋದರೆ ಡಿಸ್ಕ್‌ಗೆ ಪೆಟ್ಟು ಬೀಳುತ್ತದೆ. ಪ್ರತಿ ಸಲ ಡಿಸ್ಕ್ ತಪಾಸಣೆ ಮಾಡುವ ಎಫ್‌ಎಸ್‌ಸಿಕೆ ಓಡುತ್ತಿರುತ್ತದೆ, ಅದಕ್ಕೆ ಎರಡು ನಿಮಿಷ. ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಹಾಕಿ, ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ) ಎಷ್ಟಿದೆ ನೋಡಿ.

ಹಳೇಥಿಂಕ್‌ಪ್ಯಾಡ್:
ಸ್ನ್ಯಾಪ್ (ಪ್ರೋಗ್ರಾಂ ಹಾಕುವ ಒಂದು ವ್ಯವಸ್ಥೆ) ಇದೆಯಾ? ಸ್ನ್ಯಾಪ್ ಪ್ಯಾಕೇಜ್ ಒಂದೊಂದೂ ಬೂಟ್ (ಮಷಿನ್ ಶುರುವಾಗುವ) ಹೊತ್ತಿಗೆ ಬೇರೆ ಡಿಸ್ಕ್‌ನ ಹಾಗೆ ಲೂಪ್ ಆಗಿ ಮೌಂಟ್ (ಜೋಡಣೆ) ಆಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಅದು ಭಾರ. ಮೊದಲು ಅದನ್ನು ತೆಗೆಯಿರಿ.

ಶೂನ್ಯಲಿನಕ್ಸ್:
ಮಿಂಟ್‌ನಲ್ಲಿ ಸ್ನ್ಯಾಪ್ ಎಲ್ಲಿಂದ ಬಂತು? 2020ರ ಮಿಂಟ್ 20ರಿಂದಲೇ ಅದನ್ನು ತಡೆದಿದ್ದಾರೆ. ಆಪ್ಟ್ ಪ್ರಿಫರೆನ್ಸಸ್‌ನಲ್ಲಿ ನೋಸ್ನ್ಯಾಪ್ ಅಂತ ಫೈಲೇ ಇದೆ.

ಹಳೇಥಿಂಕ್‌ಪ್ಯಾಡ್:
ಆ ಫೈಲ್ ಅಳಿಸಿ ಸ್ನ್ಯಾಪ್ ಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕೇಳುವುದರಲ್ಲಿ ತಪ್ಪೇನು?

ಡಿಟಿಪಿ_ಸಾಗರ:
ಸ್ನ್ಯಾಪ್ ಇಲ್ಲ ಸರ್. ಸ್ಮಾರ್ಟ್‌ಸಿಟಿಎಲ್ ನೋಡಿದೆ. ರೀಅಲೊಕೇಟೆಡ್ 0, ಪೆಂಡಿಂಗ್ 0. ಯಾವುದು ಎಷ್ಟು ಹೊತ್ತು ತಗೊಂಡಿತು ಅಂತ ತೋರಿಸುವ ಸಿಸ್ಟಮ್‌ಡಿ-ಅನಲೈಝ್ ಬ್ಲೇಮ್ ಕೂಡ ಹಾಕಿದೆ. ಮೇಲಿನ ನಾಲ್ಕು ಸಾಲು:

9.1 ಸೆಕೆಂಡ್ ಎಸ್‌ಡಿಎ1 ಡಿವೈಸ್
6.8 ಸೆಕೆಂಡ್ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್
5.4 ಸೆಕೆಂಡ್ ಯುಡಿಸ್ಕ್ಸ್2
4.9 ಸೆಕೆಂಡ್ ಅಕೌಂಟ್ಸ್-ಡೀಮನ್

ರೂಟ್‌ರಾಜ:
ನೋಡಿ, ಮೊದಲ ಸಾಲೇ ಡಿಸ್ಕ್! ಸ್ಮಾರ್ಟ್‌ನಲ್ಲಿ ಸೊನ್ನೆ ತೋರಿಸುವ ಡಿಸ್ಕ್ ಮಾರನೇ ದಿನ ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 240 ಜಿಬಿ ಎಸ್‌ಎಸ್‌ಡಿ ತಗೊಳ್ಳಿ. ಅಂಗಡಿ ನಡೆಸುವವರು ಇದರಲ್ಲಿ ಉಳಿತಾಯ ಮಾಡಬಾರದು.

ತುಂಗಾತೀರ:
ಸ್ವಲ್ಪ ತಡೆಯಿರಿ. ಬ್ಲೇಮ್‌ನಲ್ಲಿ ಅತಿ ದೊಡ್ಡದೇ 9 ಸೆಕೆಂಡ್. ಇವೆಲ್ಲ ಒಂದರ ಪಕ್ಕ ಒಂದು ಓಡುವಂಥವು, ಕೂಡಿಸಲೂ ಬಾರದು. ಸುಮ್ನೆ ಕೂಡಿಸಿದರೂ ಎರಡು ನಿಮಿಷ ಆಗುವುದಿಲ್ಲ. ಹಾಗಾದರೆ ಉಳಿದ ಸಮಯ ಎಲ್ಲಿ ಹೋಯಿತು? ಬ್ಲೇಮ್ ಪಟ್ಟಿಯಲ್ಲಿ ಬರುವುದು ಶುರುವಾದ ಯೂನಿಟ್‌ಗಳು (ಬೂಟ್‌ನ ಒಂದೊಂದು ಕೆಲಸ) ಮಾತ್ರ. ಯಾವುದಕ್ಕೋ ಕಾದು ಕಾದು ಕೈಬಿಟ್ಟಿದ್ದರೆ ಅದು ಅಲ್ಲಿ ಕಾಣುವುದಿಲ್ಲ.

ಡಿಟಿಪಿ_ಸಾಗರ ಅವರೇ, ಎರಡು ವಿಷಯ ಬೇಕು. ಬ್ಲೇಮ್ ಬಿಟ್ಟು ಬರೀ ಸಿಸ್ಟಮ್‌ಡಿ-ಅನಲೈಝ್ ಅಂತ ಹಾಕಿ, ಒಟ್ಟು ಸಮಯದ ಸಾಲನ್ನು ಇಲ್ಲಿ ಬರೆಯಿರಿ. ಇನ್ನೊಂದು, ಬೂಟ್ ಆಗುವಾಗ ಕ್ಯಾಬಿನೆಟ್ ಮೇಲಿನ ಡಿಸ್ಕ್ ದೀಪ ಮಿಟುಕುತ್ತಾ ಇರುತ್ತದೆಯೋ, ಸುಮ್ಮನಿರುತ್ತದೆಯೋ ನೋಡಿ ಹೇಳಿ.

ಡಿಟಿಪಿ_ಸಾಗರ:
ಕರ್ನೆಲ್ 34.8 ಸೆಕೆಂಡ್, ಯೂಸರ್‌ಸ್ಪೇಸ್ (ಅದರ ನಂತರದ ಹಂತ) 1 ನಿಮಿಷ 57.2 ಸೆಕೆಂಡ್. ಒಟ್ಟು 2 ನಿಮಿಷ 32 ಸೆಕೆಂಡ್. ದೀಪ ಮೊದಲು ಸ್ವಲ್ಪ ಮಿಟುಕುತ್ತದೆ, ಆಮೇಲೆ ಬಹಳ ಹೊತ್ತು ಆರಿಯೇ ಇರುತ್ತದೆ. ಕೊನೆಗೆ ಜೋರಾಗಿ ಮಿಟುಕಿ ಲಾಗಿನ್ ಬರುತ್ತದೆ.

ಶೂನ್ಯಲಿನಕ್ಸ್:
ಫರ್ಮ್‌ವೇರ್ ಸಮಯ ಯಾಕೆ ಇಲ್ಲ? ಹೊಸ ಬಗೆಯ ಯುಇಎಫ್‌ಐ ಬೂಟ್ ಆದರೆ ಫರ್ಮ್‌ವೇರ್, ಲೋಡರ್ ಎರಡೂ ಬರಬೇಕು.

ತುಂಗಾತೀರ:
ಹಳೇ ಬಯೋಸ್ ಮೋಡ್‌ನಲ್ಲಿ ಹಾಕಿರುತ್ತಾರೆ. ಅದರಿಂದ ತೊಂದರೆ ಇಲ್ಲ.

ಮುಖ್ಯ ಸಂಗತಿ ದೀಪ. ಡಿಸ್ಕ್ ಸೋತಿದ್ದರೆ, ಎಫ್‌ಎಸ್‌ಸಿಕೆ ಓಡುತ್ತಿದ್ದರೆ ದೀಪ ಬಿಡುವಿಲ್ಲದೆ ಉರಿಯಬೇಕಿತ್ತು. ಆರಿದೆ ಅಂದರೆ ಯಾರೂ ಡಿಸ್ಕ್ ಮುಟ್ಟುತ್ತಿಲ್ಲ. ಮಷಿನ್ ನಿಧಾನವಾಗಿಲ್ಲ, ಯಾವುದಕ್ಕೋ ಕಾಯುತ್ತಿದೆ. ಬಾರದ ಬಸ್ಸಿಗೆ ಸ್ಟ್ಯಾಂಡಿನಲ್ಲಿ ನಿಂತ ಹಾಗೆ. ಅಂಕಿಗಳನ್ನೂ ನೋಡಿ. ಕರ್ನೆಲ್ ಹಂತ ನಾಲ್ಕೈದು ಸೆಕೆಂಡಿನ ಕೆಲಸ, ಅಲ್ಲಿ ಸರಿಯಾಗಿ 30 ಜಾಸ್ತಿ ಇದೆ. ಯೂಸರ್‌ಸ್ಪೇಸ್‌ನಲ್ಲಿ 90 ಜಾಸ್ತಿ ಇರುವ ಹಾಗಿದೆ. 30, 90 ಹೀಗೆ ಗುಂಡಗಿನ ಅಂಕಿ ಬಂದರೆ ಅದು ಟೈಮ್‌ಔಟ್, ಅಂದರೆ ಕಾಯುವ ಗಡುವು ಮುಗಿದದ್ದು. ಬೂಟ್‌ನಲ್ಲಿ ಎಲ್ಲವನ್ನೂ ಶುರು ಮಾಡುವ ಸಿಸ್ಟಮ್‌ಡಿ ಒಂದು ಡಿವೈಸ್‌ಗೆ ತಾನಾಗಿ ಕಾಯುವುದು 90 ಸೆಕೆಂಡ್.

ರೂಟ್‌ರಾಜ:
ಮೇಡಂ, ಡಿಸ್ಕ್ ಉತ್ತರ ಕೊಡದೆ ಸುಮ್ಮನಾದರೂ ದೀಪ ಆರುತ್ತದೆ. ಸಾಟಾ ಕೇಬಲ್ ಸಡಿಲ ಇದ್ದರೂ ಹೀಗೇ ಆಗುತ್ತದೆ. ನನ್ನ ಮಾತು ಎಸ್‌ಎಸ್‌ಡಿ ಅಂತಲೇ.

ತುಂಗಾತೀರ:
ಹಾಗಾಗಿದ್ದರೆ ಡಿಮೆಸೇಜ್‌ನಲ್ಲಿ (ಕರ್ನೆಲ್ ಸಂದೇಶಗಳ ಪಟ್ಟಿ) ಎಟಿಎ ಲಿಂಕ್, ಅಂದರೆ ಡಿಸ್ಕ್ ಸಂಪರ್ಕ, ರೀಸೆಟ್ ಆದ ಸಾಲುಗಳು ಬರುತ್ತವೆ. ಅದನ್ನೂ ನೋಡಿಬಿಡಲಿ.

ಶೂನ್ಯಲಿನಕ್ಸ್:
ಅಂತೂ ಗೊತ್ತಾಯ್ತಲ್ಲ, 90 ಸೆಕೆಂಡ್ ಕಾಯಿಸುವುದು ಸಿಸ್ಟಮ್‌ಡಿ. ನಾನು ವಾಯ್ಡ್ ಲಿನಕ್ಸ್‌ಗೆ ಬಂದದ್ದೇ ಇದಕ್ಕೆ. ಅದರಲ್ಲಿ ಸಿಸ್ಟಮ್‌ಡಿ ಬದಲು ಇರುವ ರನ್‌ಇಟ್‌ನಲ್ಲಿ ಇಂಥ ಕಾಟ ಇಲ್ಲ. ಪವರ್ ಬಟನ್ ಒತ್ತಿ ನೀರು ಕುಡಿಯುವಷ್ಟರಲ್ಲಿ ಲಾಗಿನ್. 2015ರಲ್ಲಿ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 8 ಸಿಸ್ಟಮ್‌ಡಿಗೆ ಹೋದಾಗಲೇ ಎಷ್ಟೋ ಜನ ಬೇಡ ಅಂದರು. ಕೇಳಲಿಲ್ಲ.

ಹಳೇಥಿಂಕ್‌ಪ್ಯಾಡ್:
ನನ್ನ ಥಿಂಕ್‌ಪ್ಯಾಡ್ ಎಕ್ಸ್220 2011ರ ಮಷಿನ್. ಆರ್ಚ್ ಲಿನಕ್ಸ್, ಸಿಸ್ಟಮ್‌ಡಿ, ಸಾಟಾ ಎಸ್‌ಎಸ್‌ಡಿ. ಸ್ವೇ ಪರದೆ ತೆರೆಯಲು 8 ಸೆಕೆಂಡ್. ಸಿಸ್ಟಮ್‌ಡಿಯನ್ನು ಬೈಯುವ ಮೊದಲು ಅದನ್ನು ಓದಿಕೊಳ್ಳಿ. ಸಿಸ್ಟಮ್‌ಡಿ-ಅನಲೈಝ್‌ಗೆ ಪ್ಲಾಟ್ ಅಂತ ಕೊಟ್ಟರೆ ಬೂಟ್ ಪೂರ್ತಿ ಚಿತ್ರವಾಗಿ ಬರುತ್ತದೆ. ರನ್‌ಇಟ್‌ನಲ್ಲಿ ಅದು ಸಿಗುತ್ತಾ?

ಶೂನ್ಯಲಿನಕ್ಸ್:
ಬೇಗ ಬೂಟ್ ಆಗುವ ಮಷಿನ್‌ಗೆ ಚಿತ್ರ ಯಾಕೆ?

ರೂಟ್‌ರಾಜ:
8 ಸೆಕೆಂಡ್ ಬಂದದ್ದು ಎಸ್‌ಎಸ್‌ಡಿಯಿಂದ, ಅದನ್ನೂ ಹೇಳಿ. ನನ್ನದು ಎನ್‌ವಿಎಂಇ, 32 ಜಿಬಿ ರ‍್ಯಾಮ್, ಎರಡು ಮಾನಿಟರ್. ಕೆಡಿಇ ಪ್ಲಾಸ್ಮಾ ಪೂರ್ತಿ ಬರಲು 9 ಸೆಕೆಂಡ್.

ತುಂಗಾತೀರ:
ದಯವಿಟ್ಟು ಇದಕ್ಕೆ ಬೇರೆ ಥ್ರೆಡ್ ಮಾಡಿಕೊಳ್ಳಿ. ಇಲ್ಲಿ ಒಬ್ಬರ ದುಡಿಮೆ ನಿಂತಿದೆ.

ಡಿಟಿಪಿ_ಸಾಗರ ಅವರೇ, ಮಿಂಟ್ ಲೋಗೋ ಬಂದ ಕೂಡಲೇ ಎಸ್ಕೇಪ್ ಒತ್ತಿ. ಲೋಗೋ ಹೋಗಿ ಅಕ್ಷರ ಬರುತ್ತದೆ. ಬಾರದಿದ್ದರೆ ಗ್ರಬ್ ಮೆನುವಿನಲ್ಲಿ (ಯಾವ ಓಎಸ್ ಅಂತ ಆರಿಸುವ ಪಟ್ಟಿ) ಮಿಂಟ್ ಸಾಲಿನ ಮೇಲೆ ನಿಂತು ಇ ಕೀ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿರುವ ಕ್ವಯಟ್ ಸ್ಪ್ಲಾಶ್ ಎರಡು ಪದ ಅಳಿಸಿ, ಎಫ್10 ಒತ್ತಿ. ಅದು ಆ ಒಂದು ಬೂಟ್‌ಗೆ ಮಾತ್ರ, ಹೆದರಬೇಡಿ. ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಫೋನ್‌ನಲ್ಲಿ ಫೋಟೋ ತೆಗೆಯಿರಿ.

ಡಿಟಿಪಿ_ಸಾಗರ:
ಎಸ್ಕೇಪ್ ಒತ್ತಿದರೆ ಆಗಲಿಲ್ಲ, ಗ್ರಬ್ ದಾರಿಯಲ್ಲಿ ಬಂತು. ಎರಡು ಕಡೆ ನಿಲ್ಲುತ್ತದೆ ಮೇಡಂ. ಮೊದಲು ಬಹಳ ಹೊತ್ತು ಏನೂ ಇಲ್ಲದೆ, ಆಮೇಲೆ "ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್" ಅಂತ ಬಂತು. ಮುಂದೆ "ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್" ಅಂತ, ಡಿಸ್ಕ್, ಬೈ-ಯುಯುಐಡಿ, ಅದರ ಮುಂದೆ 7381ರಿಂದ ಶುರುವಾಗುವ ಉದ್ದದ ನಂಬರ್. ಪಕ್ಕದಲ್ಲಿ ಸೆಕೆಂಡ್ ಎಣಿಸುತ್ತಾ 1 ನಿಮಿಷ 30ಕ್ಕೆ ಹೋಗಿ ಬಿಟ್ಟಿತು. ಡಿಮೆಸೇಜ್‌ನಲ್ಲಿ ಎಟಿಎ ರೀಸೆಟ್ ಯಾವುದೂ ಇಲ್ಲ.

ತುಂಗಾತೀರ:
ಸಿಕ್ಕಿತು. ಈಗ ಇದನ್ನು ಹೇಳಿ: ಗ್ರಬ್ ಮೆನುವಿನಲ್ಲಿ ಎಷ್ಟು ಸಾಲಿದೆ? ಬೇರೆ ಯಾವುದಾದರೂ ಓಎಸ್ ಹಾಕಿದ್ದೀರಾ?

ಡಿಟಿಪಿ_ಸಾಗರ:
ಹೌದು, ಮೇಲೆ ಡೆಬಿಯನ್ 12 ಇದೆ. ಅಕ್ಕನ ಮಗ ಪಾಲಿಟೆಕ್ನಿಕ್ ಓದುತ್ತಾನೆ, ಅಭ್ಯಾಸಕ್ಕೆ ಅಂತ ಖಾಲಿ ಜಾಗದಲ್ಲಿ ಹಾಕಿಕೊಂಡ. ಅದು ಬೇರೆ ಪಾರ್ಟಿಷನ್, ಮಿಂಟ್‌ನ ಪಾರ್ಟಿಷನ್ ಮುಟ್ಟಿಲ್ಲ. ಡೆಬಿಯನ್ ಬೇಗ ಬರುತ್ತದೆ.

ಹಳೇಥಿಂಕ್‌ಪ್ಯಾಡ್:
ಡೆಬಿಯನ್ ಅದೇ ಹಾರ್ಡ್ ಡಿಸ್ಕ್‌ನಿಂದ ಬೇಗ ಬರುತ್ತದಾ? ಇದನ್ನು ಮೊದಲೇ ಹೇಳಬೇಕಿತ್ತು ಗುರು!

ತುಂಗಾತೀರ:
ಇದೇ ಕಾರಣ. ವಿವರವಾಗಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಮಿಂಟ್ ಹಾಕುವಾಗ ನೀವು ಕೈಯಿಂದಲೇ ಪಾರ್ಟಿಷನ್ ಮಾಡಿ, ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಒಂದು ಪಾರ್ಟಿಷನ್ ಕೊಟ್ಟಿದ್ದೀರಿ. ಎರಡನೇ ಲಿನಕ್ಸ್ ಹಾಕುವಾಗ ಅದರ ಇನ್‌ಸ್ಟಾಲರ್ ಆ ಸ್ವಾಪನ್ನು ಕಂಡು ತಾನೂ ಬಳಸಲು ತಗೊಳ್ಳುತ್ತದೆ, ಹೊಸದಾಗಿ ಫಾರ್ಮ್ಯಾಟ್ ಮಾಡುತ್ತದೆ. ಇದು ದೋಷ ಅಲ್ಲ. ಸ್ವಾಪ್‌ನಲ್ಲಿ ಉಳಿಸಿಕೊಳ್ಳುವಂಥ ಫೈಲ್ ಇರುವುದಿಲ್ಲ. ಆದರೆ ಫಾರ್ಮ್ಯಾಟ್ ಆದ ಕೂಡಲೇ ಅದರ ಗುರುತಿನ ನಂಬರ್, ಅಂದರೆ ಯುಯುಐಡಿ, ಬದಲಾಗುತ್ತದೆ. ಮಿಂಟ್‌ಗೆ ಈ ಸುದ್ದಿ ಯಾರೂ ಹೇಳಿಲ್ಲ. ಅದರ ಬಳಿ ಹಳೇ ನಂಬರ್ ಎರಡು ಕಡೆ ಇದೆ. ಒಂದು ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್‌ನಲ್ಲಿ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ), ಅದಕ್ಕೆ 90 ಸೆಕೆಂಡ್. ಇನ್ನೊಂದು ಕರ್ನೆಲ್ ಜೊತೆ ಮೊದಲೇ ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್ ಒಳಗೆ, ಹೈಬರ್ನೇಟ್‌ನಿಂದ (ತೆರೆದ ಕೆಲಸ ಡಿಸ್ಕ್‌ನಲ್ಲಿಟ್ಟು ಆರಿಸಿದ ಸ್ಥಿತಿ) ಏಳಬೇಕಾ ಅಂತ ನೋಡಲು, ಅದಕ್ಕೆ 30 ಸೆಕೆಂಡ್. ಈ ಎರಡನೆಯದು ಕರ್ನೆಲ್ ಲೆಕ್ಕಕ್ಕೆ ಸೇರುತ್ತದೆ.

ಹೀಗೆ ಮಾಡಿ:

ಸುಡೊ ಬಿಎಲ್‌ಕೆಐಡಿ ಕೊಟ್ಟು, ಟೈಪ್ ಸ್ವಾಪ್ ಅಂತ ಇರುವ ಸಾಲಿನ ಯುಯುಐಡಿ ಕಾಪಿ ಮಾಡಿಕೊಳ್ಳಿ. ಇಟಿಸಿಯಲ್ಲಿರುವ ಎಫ್‌ಎಸ್‌ಟ್ಯಾಬ್‌ನ ಒಂದು ಪ್ರತಿ ಬೇರೆ ಕಡೆ ಇಡಿ. ಆಮೇಲೆ ಸುಡೊ ನ್ಯಾನೋದಲ್ಲಿ ತೆರೆದು ಸ್ವಾಪ್ ಸಾಲಿನ 7381 ನಂಬರ್ ತೆಗೆದು ಹೊಸದನ್ನು ಹಾಕಿ. ಬೇರೆ ಸಾಲು ಮುಟ್ಟಬೇಡಿ. ನಂತರ ಇಟಿಸಿ, ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್, ಕಾನ್ಫ್.ಡಿ, ಅದರೊಳಗೆ ರೆಸ್ಯೂಮ್ ಅನ್ನುವ ಫೈಲ್. ಅಲ್ಲಿಯೂ ಹಳೇ ನಂಬರೇ ಇರುತ್ತದೆ. ನಿಮಗೆ ಹೈಬರ್ನೇಟ್ ಬೇಡ ಅಂದರೆ ಈಕ್ವಲ್ ಗುರುತಿನ ಮುಂದಿನದನ್ನು ತೆಗೆದು ನನ್ ಅಂತ ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯಿರಿ. ಕೊನೆಗೆ ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಮೈನಸ್ ಯು. ಇದನ್ನು ಮರೆತರೆ 30 ಸೆಕೆಂಡ್ ಹಾಗೇ ಉಳಿಯುತ್ತದೆ.

ರೀಬೂಟ್ ಮೊದಲು ಸುಡೊ ಸ್ವಾಪ್‌ಆನ್ ಮೈನಸ್ ಎ ಕೊಡಿ, ಫ್ರೀ ಮೈನಸ್ ಎಚ್ ನೋಡಿ. ಇದುವರೆಗೆ ಸ್ವಾಪ್ ಸಾಲಿನಲ್ಲಿ 0 ಇದ್ದಿರಬೇಕು. 4 ಜಿಬಿ ರ‍್ಯಾಮ್‌ನಲ್ಲಿ ಸ್ವಾಪ್ ಇಲ್ಲದೆ ಸ್ಕ್ರೈಬಸ್, ಫೈರ್‌ಫಾಕ್ಸ್ ಒಟ್ಟಿಗೆ ಓಡಿಸಿದರೆ ಸಿಕ್ಕಿಕೊಳ್ಳದೆ ಏನು ಮಾಡೀತು? ನಿಮ್ಮ ಎರಡನೇ ತೊಂದರೆಗೂ ಇದೇ ಮೂಲ ಇರಬೇಕು.

ಶೂನ್ಯಲಿನಕ್ಸ್:
ರನ್‌ಇಟ್‌ನಲ್ಲಾದರೆ ಸ್ವಾಪ್ ಸಿಗಲಿಲ್ಲ ಅಂತ ಒಂದು ಎರರ್ ಕೊಟ್ಟು ಮುಂದೆ ಹೋಗುತ್ತದೆ. ಒಂದೂವರೆ ನಿಮಿಷ ಕಾಯಿಸುವುದಿಲ್ಲ.

ತುಂಗಾತೀರ:
ನಿಜ. ಆದರೆ ಮೊದಲ 30 ಸೆಕೆಂಡ್ ಸಿಸ್ಟಮ್‌ಡಿಯದ್ದಲ್ಲ, ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್‌ನದ್ದು. ನಿಧಾನವಾಗಿ ಎದ್ದು ಬರುವ ಡಿಸ್ಕ್ ಇರುವವರಿಗೆ ಈ ಕಾಯುವಿಕೆ ಬೇಕು. ಬೇಡದವರು ಎಫ್‌ಎಸ್‌ಟ್ಯಾಬ್ ಸಾಲಿಗೆ ನೋಫೇಲ್ (ಸಿಗದಿದ್ದರೂ ಮುಂದೆ ಹೋಗು ಅನ್ನುವ ಆಯ್ಕೆ) ಸೇರಿಸಬಹುದು. ಯುಎಸ್‌ಬಿ ಬ್ಯಾಕಪ್ ಡಿಸ್ಕನ್ನು ಎಫ್‌ಎಸ್‌ಟ್ಯಾಬ್‌ಗೆ ಹಾಕುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು.

ರೂಟ್‌ರಾಜ:
ಸರಿಯಾದರೆ ಸಂತೋಷ. ಆಮೇಲಾದರೂ ಎಸ್‌ಎಸ್‌ಡಿ ಹಾಕಿ. ಜೊತೆಗೆ ಯುಪಿಎಸ್ ಇಲ್ಲದೆ ಮಲೆನಾಡಲ್ಲಿ ಅಂಗಡಿ ನಡೆಸಬೇಡಿ.

ಡಿಟಿಪಿ_ಸಾಗರ:
ಯುಪಿಎಸ್ ಇದೆ ಸರ್, ಬ್ಯಾಟರಿ ಬದಲಿಸಬೇಕು.

ಮೇಡಂ ಹೇಳಿದಂತೆ ಮಾಡಿದೆ. ಈಗ ಕರ್ನೆಲ್ 4.6 ಸೆಕೆಂಡ್, ಯೂಸರ್‌ಸ್ಪೇಸ್ 27.1 ಸೆಕೆಂಡ್. ಹಳೇ ಹಾರ್ಡ್ ಡಿಸ್ಕೇ! ಫ್ರೀಯಲ್ಲಿ ಸ್ವಾಪ್ 4 ಜಿಬಿ ತೋರಿಸುತ್ತಿದೆ. ಸ್ಕ್ರೈಬಸ್‌ನಲ್ಲಿ ಮದುವೆ ಕಾರ್ಡ್ ಇಟ್ಟುಕೊಂಡು ಫೈರ್‌ಫಾಕ್ಸ್‌ನಲ್ಲಿ ಅರ್ಜಿ ತುಂಬಿದೆ, ಸಿಕ್ಕಿಕೊಳ್ಳಲಿಲ್ಲ. ತುಂಬಾ ಉಪಕಾರ ಆಯ್ತು ಮೇಡಂ. ಡೆಬಿಯನ್‌ನಲ್ಲಿ ಏನಾದರೂ ಬದಲಿಸಬೇಕಾ?

ತುಂಗಾತೀರ:
ಬೇಡ, ಅದರ ಬಳಿ ಹೊಸ ನಂಬರೇ ಇದೆ. ಒಂದೇ ಎಚ್ಚರಿಕೆ. ಎರಡೂ ಓಎಸ್ ಒಂದೇ ಸ್ವಾಪ್ ಬಳಸುವಾಗ ಡೆಬಿಯನ್‌ನಲ್ಲಿ ಹೈಬರ್ನೇಟ್ ಮಾಡಿ ಮಿಂಟ್ ತೆರೆಯಬಾರದು. ಹೈಬರ್ನೇಟ್ ಮಾಡಿದಾಗ ರ‍್ಯಾಮ್‌ನಲ್ಲಿದ್ದದ್ದೆಲ್ಲ ಸ್ವಾಪ್‌ನಲ್ಲಿ ಕೂತಿರುತ್ತದೆ, ಅದು ಹಾಳಾದರೆ ತೆರೆದಿಟ್ಟ ಕೆಲಸ ಹೋಗುತ್ತದೆ. ಅಕ್ಕನ ಮಗನಿಗೆ ಹೇಳಿಬಿಡಿ. ಮುಂದೆ ಅವನು ಮೂರನೇ ಡಿಸ್ಟ್ರೋ ಹಾಕುವುದಾದರೆ, ಪಾರ್ಟಿಷನ್ ಹಂತದಲ್ಲಿ ಸ್ವಾಪ್ ಮೇಲೆ ನಿಂತು ಬಳಸಬೇಡ ಅನ್ನುವ ಆಯ್ಕೆ ಕೊಡಲಿ.

ಹಳೇಥಿಂಕ್‌ಪ್ಯಾಡ್:
27ನ್ನೂ ಇಳಿಸಬಹುದು. ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಡಿಸೇಬಲ್ ಮಾಡಿ.

ತುಂಗಾತೀರ:
ನೆಟ್‌ವರ್ಕ್ ಪ್ರಿಂಟರ್ ಅಥವಾ ಬೇರೆ ಮಷಿನ್‌ನ ಫೋಲ್ಡರ್ ಬೂಟ್ ಹೊತ್ತಿಗೇ ಮೌಂಟ್ ಆಗುತ್ತಿದ್ದರೆ ಅದು ಬೇಕಾಗಬಹುದು. ಮೊದಲು ಯಾವುದು ಯಾವುದಕ್ಕೆ ಕಾಯುತ್ತದೆ ಅಂತ ತೋರಿಸುವ ಸಿಸ್ಟಮ್‌ಡಿ-ಅನಲೈಝ್ ಕ್ರಿಟಿಕಲ್-ಚೈನ್ ನೋಡಿ, ಲಾಗಿನ್ ಪರದೆ ಅದಕ್ಕೆ ಕಾಯುತ್ತಿದ್ದರೆ ಮಾತ್ರ ಕೈ ಹಾಕಿ.

ಬಯಲುಸೀಮೆ:
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಫೆಡೋರಾದಲ್ಲೂ ಸ್ಟಾರ್ಟ್ ಜಾಬ್ 1 ನಿಮಿಷ 30 ಬರುತ್ತದೆ. ಆದರೆ ನನ್ನ ಬಳಿ ಸ್ವಾಪ್ ಪಾರ್ಟಿಷನ್ ಇಲ್ಲವೇ ಇಲ್ಲ, ಝಡ್‌ರ‍್ಯಾಮ್ (ರ‍್ಯಾಮ್‌ನಲ್ಲೇ ಇರುವ ಸ್ವಾಪ್) ಅಷ್ಟೇ. ಎಸ್‌ಎಸ್‌ಡಿ ಬೇರೆ. ನನಗೂ ಇದೇ ಮಾಡಬೇಕಾ?

ತುಂಗಾತೀರ:
ಬೇಡ, ನಿಮ್ಮದು ಬೇರೆ ಡಿವೈಸ್. ಹೊಸ ಥ್ರೆಡ್ ಮಾಡಿ, ಎಫ್‌ಎಸ್‌ಟ್ಯಾಬ್ ಮತ್ತು ಬಿಎಲ್‌ಕೆಐಡಿ ಎರಡೂ ಪೂರ್ತಿ ಹಾಕಿ. ಹಿಂದೆ ಯಾವ ಡಿಸ್ಕ್ ಜೋಡಿಸಿ ಆಮೇಲೆ ತೆಗೆದಿದ್ದೀರಿ, ಅದನ್ನೂ ಬರೆಯಿರಿ.

ಬಯಲುಸೀಮೆ:
ಹಳೇ 500 ಜಿಬಿ ಡಿಸ್ಕ್ ಒಂದನ್ನು ತೆಗೆದಿದ್ದೆ. ಮನೆಗೆ ಹೋಗಿ ಹಾಕುತ್ತೇನೆ.